ಒಂದು ಸ್ಟೇಜಿನಷ್ಟು ದೂರ

ಮೀನುಪೇಟೆಯ ಹಿಂದಿನ ಸಂದಿಯಲ್ಲಿ
ಸುರುಳಿ ಸುತ್ತಿ ಬಿದ್ದಿತ್ತು, ಅಂಗೈಯಷ್ಟು ಮರಿ.
ಅದಕ್ಕೇ ಶೆಟ್ಲಿ ಅಂತ ಹೆಸರಿಟ್ಟೆ. ಹದಿಮೂರು ವರ್ಷವಾಯಿತು.
ಈಗ ಅದರ ಕಣ್ಣಲ್ಲಿ ಗಂಜಿಯ ತಿಳಿ,
ಕಿವಿ ಅರ್ಧ, ಹಲ್ಲು ಐದು.
ಭಯ ಮಾತ್ರ ಹೊಸದು, ಇಡಿಯಾಗಿದೆ.

ನಾನು ಕಂಡಕ್ಟರು. ಕಾರವಾರ ಅಂಕೋಲಾ, ಮೊದಲ ಪಾಳಿ.
ಐದಕ್ಕೆ ಖಾಕಿಯ ತೋಳಿಗೆ ಕೈ ತೂರಿಸುವಷ್ಟರಲ್ಲಿ
ಅದರ ಹಿಂಗಾಲು ನಡುಗಲು ಶುರು.
ಟಿಕೆಟ್ ಮಷಿನ್ನು ಕೀ ಅಂದರೆ
ಅದೂ ಕೀ ಅನ್ನುತ್ತದೆ.
"ನೀ ಹೋದ ಮೇಲೆ ಅದು ಅಳೂದು ನಾಯಿ ಅತ್ತಂಗಲ್ಲ,"
ಅಂದಳು ಗೋಡೆಯಾಚೆಯ ಪಾವ್ಲಿನ್ ಬಾಯಿ,
"ಹಾಲು ಬಿಡಿಸಿದ ಕೂಸು ಅತ್ತಂಗೆ. ನಂಗೆ ಜಪಮಣಿ ಲೆಕ್ಕ ತಪ್ತದೆ."
ಬಾಗಿಲ ಬುಡದಲ್ಲಿ ದಿನಕ್ಕೆರಡು ಹೊಸ ಗೀರು,
ನನ್ನ ವೇಬಿಲ್ಲಿನಲ್ಲಿ ಎಲ್ಲೂ ಬರೆಯದ ಬಾಕಿ.

ಪಶು ಆಸ್ಪತ್ರೆಯ ನಾಗ್ವೇಕರ್ ಡಾಕ್ಟರು
ಮಾತ್ರೆ ಬರೆಯಲು ಹೋಗಿ ಪೆನ್ನಿನ ಮುಚ್ಚಳ ಹಾಕಿದರು.
"ಮೊದಲು ಹೋಗುವುದನ್ನು ಕಲಿಸಿ," ಅಂದರು,
"ಹೋಗದೇ."

ಹಾಗಾಗಿ ವಾರದ ರಜೆಯ ದಿನ
ಖಾಕಿ ತೊಟ್ಟು, ಚೀಲ ಹೆಗಲಿಗೇರಿಸಿ
ಕೂತು ಬೆಳ್ಳುಳ್ಳಿ ಸುಲಿದೆ.
ಮಷಿನ್ನು ಕೀ ಅನ್ನಿಸಿ ಬಂಗಡೆ ತೊಳೆದೆ.
ಬೀಗದ ಕೈ ಝಣಝಣಿಸಿ ಮತ್ತೆ ಮೊಳೆಗೇ ತೂಗುಹಾಕಿದೆ.
ಶೆಟ್ಲಿ ಮೊದಲು ನಡುಗಿತು, ಆಮೇಲೆ ಅನುಮಾನಿಸಿತು,
ಮೂರನೇ ವಾರಕ್ಕೆ ಆಕಳಿಸಿತು.

ಆಮೇಲೆ ಸ್ಟೇಜು.
ಹೊಸ್ತಿಲಿಗೆ ಒಂದು. ಹತ್ತೆಣಿಸಿ ವಾಪಸ್ಸು.
ಬಾವಿಕಟ್ಟೆಗೆ ಎರಡು.
ಉಮಾಕಾಂತನ ಗೂಡಂಗಡಿಗೆ ಮೂರು,
ಬೇಡದಿದ್ದರೂ ಒಂದು ಕಡ್ಡಿಪೆಟ್ಟಿಗೆ.
ಮನೆಯಲ್ಲೀಗ ಇಪ್ಪತ್ತೆರಡು ಕಡ್ಡಿಪೆಟ್ಟಿಗೆ.
ಬಿಣಗಾ, ಅರ್ಗಾ, ಚೆಂಡಿಯಾ, ಅಮದಳ್ಳಿ
ಅಂತ ಇಷ್ಟು ವರ್ಷ ಕೂಗಿ ಹರಿದು ಕೊಟ್ಟೆ,
ಹೊಸ್ತಿಲಿಂದ ಬಾವಿಕಟ್ಟೆಗೆ ದರ ಎಷ್ಟೆಂದು
ಒಬ್ಬರೂ ಕೇಳಿರಲಿಲ್ಲ.

ಒಂದೇ ಕಷ್ಟ. ಹೋಗುವಾಗ ಮುದ್ದು ಬೇಡ, ಮಾತು ಬೇಡ,
ಏನೂ ಆಗಿಲ್ಲ ಅನ್ನುವ ಹಾಗೆ ಹೊರಟುಬಿಡಿ ಅಂದಿದ್ದರು ಡಾಕ್ಟರು.
ನಮ್ಮಲ್ಲಿ ಹೊರಟವರು ಹೋಗ್ತೆ ಅನ್ನುವುದಿಲ್ಲ,
ಬತ್ತೆ ಅನ್ನುತ್ತಾರೆ.
ಬತ್ತೆ ಅನ್ನದೇ ಈ ಮನೆ ಬಿಟ್ಟವಳು ನನ್ನ ಅವ್ವಿ ಒಬ್ಬಳೇ,
ಅದೂ ನಾಲ್ಕು ಜನರ ಹೆಗಲ ಮೇಲೆ.
ಮೆಟ್ಟಿಲಲ್ಲಿ ನಿಲ್ಲುತ್ತೇನೆ, ಬಾಯಲ್ಲಿ ಆ ಒಂದು ಮಾತು,
ಸುಡುವ ಗೆಣಸಿನ ಹೋಳು, ಉಗುಳಲಾರೆ, ನುಂಗಲಾರೆ.
ಕೋಡಿಬಾಗದ ತಿರುವಿಗೆ ಬಂದ ಮೇಲೆ
ಕರೆಂಟಿನ ಕಂಬಕ್ಕೆ ಹೇಳುತ್ತೇನೆ: ಬತ್ತೆ.

ನಿನ್ನೆಯ ಅಂಗಿ ತೊಳೆಯದೇ
ಅದರ ಗೋಣಿಯ ಮೇಲೆ ಹಾಸಿ ಬರುತ್ತೇನೆ.
ಡೀಸೆಲ್ಲು, ಚಿಲ್ಲರೆ, ಬೆವರು, ಯಾರದೋ ಮೀನುಬುಟ್ಟಿ.
ಕಣ್ಣು ನಿವೃತ್ತಿಯಾದರೂ ಮೂಗಿನ್ನೂ ಡ್ಯೂಟಿಯಲ್ಲಿದೆ.

ಕಳೆದ ಮಂಗಳವಾರ ಮೂರಕ್ಕೆ ಬಂದು ಬೀಗ ತೆಗೆದರೆ
ಸದ್ದಿಲ್ಲ. ಕರೆದೆ. ಇಲ್ಲ.
ನಡುಗಿದ್ದು ಈ ಸಲ ನನ್ನ ಕಾಲು.
ಅಂಗಿಯ ತೋಳೊಳಗೆ ಮೂತಿ ತೂರಿಸಿ
ಸುರುಳಿ ಸುತ್ತಿಕೊಂಡಿತ್ತು, ಸಿಕ್ಕ ದಿನದ ಹಾಗೇ.
ಹೊಟ್ಟೆಯ ಮೇಲೆ ಕೈಯಿಟ್ಟೆ.
ಏರಿತು.
ಎಷ್ಟೋ ಹೊತ್ತಿಗೆ ಇಳಿಯಿತು.
ಆಮೇಲೆ ಸಣ್ಣಗೊಂದು ಗೊರಕೆ.
ಪಾಠ ಕಲಿಯಿತೋ, ಉಳಿದರ್ಧ ಕಿವಿಯೂ ಹೋಯಿತೋ,
ಕೇಳಲು ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ.

ಮೊನ್ನೆ ಚೆಂಡಿಯಾದಲ್ಲಿ ಹತ್ತಿದ ತಪಾಸಣೆಯವರು
ನನ್ನನ್ನು ಮೇಲಿಂದ ಕೆಳಗೆ ನೋಡಿದರು.
ವೇಬಿಲ್ಲು ಸರಿ, ಚಿಲ್ಲರೆ ಸರಿ.
"ಅಂಗಿಯ ಎರಡನೇ ಗುಂಡಿ ಎಲ್ಲಮ್ಮ?"
ಪಿನ್ನು ಮುಟ್ಟಿ ನೋಡಿಕೊಂಡೆ.
ಮನೇಲದೆ ಸರ್, ಅಂದೆ,
ಐದು ಹಲ್ಲಿನ ನಡುವೆ.